ಎಂತ ಕಡಿಯೋಕೆ?

ಕತ್ತಿ ಕೊಳ್ಳಬೇಕು ಅಂತ ಮಲೆನಾಡಿನ ಯಾವುದಾದರೂ ಮನೆಯಲ್ಲಿ ಸುಮ್ನೆ ಒಂದು ಮಾತು ಆಡಿ ನೋಡಿ. ಫೋನು ಕೊಳ್ಳುವಾಗ, ಸ್ಕೂಟರು ಕೊಳ್ಳುವಾಗ ತುಟಿ ಬಿಚ್ಚದವರೂ ಆಗ ಮಾತಾಡುತ್ತಾರೆ. ಅಪ್ಪನಿಗೆ ಕತ್ತಿಯ ಮೂಗು ಚೆನ್ನಾಗಿ ಬಾಗಿರಬೇಕು. ಅಮ್ಮನಿಗೆ ತೂಕ ಕಡಿಮೆ ಇರಬೇಕು. ತೋಟದ ಕೆಲಸಕ್ಕೆ ಬರುವವರಿಗೆ ಹಿಡಿ ದಪ್ಪ ಇರಬೇಕು. ಅಡಿಕೆ ಕೊನೆ ಕೊಯ್ಯಲು ಬಂದವನು ಇದನ್ನೆಲ್ಲ ಕೇಳಿಸಿಕೊಂಡು, ಕವಳ ಉಗಿದು, "ಕಬ್ಬಿಣ ಸರಿ ಇಲ್ದಿದ್ರೆ ಬಾಕಿ ಎಂತ ಇದ್ರೂ ಅಷ್ಟೇ" ಅಂದು ಮರ ಹತ್ತುತ್ತಾನೆ. ಎಲ್ಲರ ಮಾತೂ ಸರಿಯೇ. ತೊಂದರೆ ಇರುವುದೇ ಅಲ್ಲಿ. ಒಬ್ಬೊಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಕತ್ತಿಯ ಬಗ್ಗೆ.

ಕತ್ತಿ ಅಂದರೆ ಇಲ್ಲಿ ಒಂದೇ ಅಲ್ಲ ನೋಡಿ. ಹುಲ್ಲಿಗೆ, ಭತ್ತದ ಕೊಯ್ಲಿಗೆ ಹಲ್ಲಿರುವ ಕುಡುಗೋಲು. ಎಳನೀರಿಗೆ, ದಪ್ಪ ಕೊರಡಿಗೆ ಬಯಲುಸೀಮೆಯವರ ಭಾರದ ಮಚ್ಚು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಣೆಯ ಮೇಲೆ ನಿಂತಿರುತ್ತದೆ, ಅದು ನಮ್ಮ ಹತ್ತಿರ ಬರುವುದಿಲ್ಲ, ನಾವೇ ಅದರ ಹತ್ತಿರ ಹೋಗಿ ಕೂರಬೇಕು. ನಾನು ಹೇಳಹೊರಟಿರುವುದು ಇವು ಯಾವುದೂ ಅಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ, ಬೆಟ್ಟಕ್ಕೆ ಹೋಗುವ, ತುದಿಯಲ್ಲಿ ಒಳಗೆ ಬಾಗಿದ ಕತ್ತಿ. ಬೇಲಿ ಸವರಲು, ಸೊಪ್ಪು ಕಡಿಯಲು, ಬಾಳೆಗೊನೆ ಇಳಿಸಲು, ದಾರಿಗೆ ಅಡ್ಡ ಬಂದ ಮುಳ್ಳು ಬಿಡಿಸಲು, ಏನೂ ಇಲ್ಲದಿದ್ದರೆ ನಿಂತಲ್ಲೇ ಒಂದು ಕಡ್ಡಿ ಕೆತ್ತುತ್ತಾ ಮಾತಾಡಲು.

ಆ ಬಾಗು ಚೆಂದಕ್ಕೆ ಬಂದದ್ದಲ್ಲ. ಹೆಬ್ಬೆರಳು ದಪ್ಪದ ಹಸಿ ರೆಂಬೆಗೆ ನೇರ ಅಲಗಿನಿಂದ ಹೊಡೆದು ನೋಡಿ. ರೆಂಬೆ ಬಗ್ಗಿ ಜಾರಿಕೊಳ್ಳುತ್ತದೆ, ಅಲಗು ಸಿಪ್ಪೆ ಕೆರೆದು ಮುಂದೆ ಹೋಗುತ್ತದೆ. ಬಾಗಿದ ಕತ್ತಿಯಾದರೆ ರೆಂಬೆಗೆ ಜಾರಲು ಜಾಗವೇ ಇಲ್ಲ, ಒಳಬಾಗಿನಲ್ಲಿ ಸಿಕ್ಕಿಬೀಳುತ್ತದೆ. ಹೊಡೆತದ ಕೊನೆಯಲ್ಲಿ ಕೈಯನ್ನು ಸ್ವಲ್ಪ ನಮ್ಮ ಕಡೆ ಎಳೆದರೆ ಅಲಗು ಕಡಿಯುವುದರ ಜೊತೆಗೆ ಕೊಯ್ಯುತ್ತದೆ. ಕಡಿದದ್ದನ್ನು ಅದೇ ಮೂಗಿನಿಂದ ಎಳೆದುಕೊಳ್ಳಬಹುದು, ಬಗ್ಗಬೇಕಿಲ್ಲ. ಮುಳ್ಳಿನ ಪೊದೆಯೊಳಗೆ ಕೈ ಹಾಕಬೇಕಿಲ್ಲ. ನೆಲಕ್ಕೆ ಬಡಿದರೂ ಹೆಚ್ಚಿನ ಸಲ ಕಲ್ಲಿಗೆ ತಾಗುವುದು ಮೂಗು, ಬಾಯಿ ಅಂದರೆ ಹರಿತದ ಅಂಚು ಉಳಿಯುತ್ತದೆ.

ಇಂಥ ಕೆಲಸ ದಿನಕ್ಕೆ ಹತ್ತು ಸಲ ಮಾಡುವವರಿಗೆ ಇದೆಲ್ಲ ದೊಡ್ಡ ವಿಷಯವಲ್ಲ. ಆದರೆ ಸೊಪ್ಪಿನ ಬೆಟ್ಟದ ಲೆಕ್ಕ ಬೇರೆ. ಅಡಿಕೆ ತೋಟಕ್ಕೆ ಹಸಿರು ಸೊಪ್ಪು ಬೇಕು, ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ), ಸೊಪ್ಪು ಬೇಕು ಅಂತ ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಹಕ್ಕು ಬಿಟ್ಟುಕೊಟ್ಟಿದ್ದರು. ಅಷ್ಟು ಬೆಟ್ಟದಲ್ಲಿ ಮರ ಹತ್ತಿ ಇಳಿದು ಸೊಪ್ಪು ಕಡಿಯುವವರಿಗೆ ಕತ್ತಿ ನೂರು ಗ್ರಾಂ ಜಾಸ್ತಿ ತೂಗಿದರೆ ಸಂಜೆ ಹೊತ್ತಿಗೆ ಮೊಣಕೈ ಹೇಳುತ್ತದೆ. ಅಮ್ಮ ತೂಕದ ಮಾತೆತ್ತಿದ್ದು ಸುಮ್ನೆ ಅಲ್ಲ.

ಬಾಗಿನಲ್ಲೂ ಒಂದೊಂದು ಊರಿನದು ಒಂದೊಂದು ಬುದ್ಧಿ. ಕೊಡಗಿನ ಒಡಿಕತ್ತಿ ಹಿಡಿಯ ಹತ್ತಿರ ಸಣ್ಣಗಿದ್ದು ಮುಂದೆ ಹೋಗುತ್ತಾ ಅಗಲವಾಗುತ್ತದೆ. ತೂಕವೆಲ್ಲ ಮುಂದಿರುವುದರಿಂದ ಏಟು ತಾನಾಗಿಯೇ ಬೀಳುತ್ತದೆ. ಅದನ್ನು ಬೆನ್ನ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ. ಮದುವೆಯಲ್ಲಿ ಬಾಳೆ ದಿಂಡು ಕಡಿಯುವುದು ಅದರಿಂದಲೇ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಶುರುವಿನಲ್ಲಿ ಬರುವ ಕೈಲ್ ಮುಹೂರ್ತದಲ್ಲಿ ಕೋವಿಯ ಜೊತೆ ಅದಕ್ಕೂ ಹೂವಿಟ್ಟು ಪೂಜೆ ಮಾಡುತ್ತಾರೆ. ಅಂದಹಾಗೆ, ಬಾಳೆ ದಿಂಡು ಕತ್ತಿಗೆ ಅಂಥ ದೊಡ್ಡ ಪರೀಕ್ಷೆಯೇನಲ್ಲ, ಬರೀ ನೀರು ಅದು. ಒಂದೇ ಏಟಿಗೆ ಕಡಿಯಬೇಕು ಅನ್ನುವುದು ಕಡಿಯುವವನಿಗೆ ಪರೀಕ್ಷೆ, ಅದೂ ನೆಂಟರ ಎದುರಿಗೆ. ನೇಪಾಳದ ಖುಕುರಿಯೂ ಇದೇ ಉಪಾಯದ್ದು, ತೂಕ ಮುಂದೆ, ಬಾಗು ಒಳಗೆ. ಅಲ್ಲಿನ ಕಮ್ಮಾರರು ಕೆಂಪಗೆ ಕಾದ ಅಲಗಿನ ಬಾಯಿಯ ಉದ್ದಕ್ಕೂ ಕೆಟಲಿನಿಂದ ಸಣ್ಣಗೆ ನೀರು ಸುರಿಯುತ್ತಾರೆ. ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಚಹಾ ಮಾಡುವ ಕೆಟಲ್ಲೇ!

ನಮ್ಮಲ್ಲಿ ಕೆಟಲ್ ಇಲ್ಲ, ಕುಲುಮೆಯ ಪಕ್ಕ ಒಂದು ಕಲ್ಲಿನ ಬಾನಿ. ಅದರ ನೀರು ವರ್ಷಗಟ್ಟಲೆ ಬದಲಾಗಿರುವುದಿಲ್ಲ ಅಂತ ನನ್ನ ಗುಮಾನಿ.

ಪೇಟೆ ಅಂಗಡಿಯಲ್ಲೂ ಕತ್ತಿ ಸಿಗುತ್ತದೆ. ಸಾಲಾಗಿ ನೇತುಹಾಕಿರುತ್ತಾರೆ, ಹಿಡಿಗೆ ವಾರ್ನಿಷು, ಅಲಗಿಗೆ ಗ್ರೈಂಡರಿನ ಮಿಂಚು. ಅಂಗಡಿಯವರು ಕೇಳುವುದು ಒಂದೇ, "ಎಷ್ಟರದ್ದು ಕೊಡ್ಲಿ?" ಆಚಾರ್ರ ಕುಲುಮೆಗೆ ಹೋದರೆ ರೇಟಿನ ಮಾತು ಕೊನೆಗೆ. ಮೊದಲು ಬರುವುದು, "ಎಂತ ಕಡಿಯೋಕೆ?" ಆಮೇಲೆ, "ಯಾರು ಕಡಿಯೋದು?" ಆಮೇಲೆ ಬಲಗೈಯೋ ಎಡಗೈಯೋ. ಈ ಎಡಗೈ ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕುಡುಗೋಲಿನ ಹಲ್ಲನ್ನು ಒಂದೇ ಮಗ್ಗುಲಿಗೆ ಕಚ್ಚು ಹಾಕಿ ಮಾಡಿರುತ್ತಾರೆ. ಬಲಗೈಯವರದ್ದನ್ನು ಎಡಚರು ಹಿಡಿದರೆ ಹುಲ್ಲು ಕೊಯ್ದ ಹಾಗಾಗುವುದಿಲ್ಲ, ಕಿತ್ತ ಹಾಗಾಗುತ್ತದೆ. ಕತ್ತಿಯ ಬಾಯನ್ನೂ ಕೆಲವರು ಒಂದು ಕಡೆ ಜಾಸ್ತಿ ಅರ ಹಾಕಿ ಇಳಿಸುತ್ತಾರೆ. ಎಡಚರು ಅಂಗಡಿಯಲ್ಲಿ ಎಷ್ಟು ಹುಡುಕಿದರೂ ಅಷ್ಟೇ, ಹೇಳಿಯೇ ಮಾಡಿಸಬೇಕು.

ಬೆಂಗಳೂರಿನಿಂದ ಬಂದ ಅಣ್ಣನ ಮಗನಿಗೆ ಒಂದು ಕತ್ತಿ ಬೇಕಿತ್ತು. ಕೈಯಲ್ಲೇ ತಟ್ಟಿ ಮಾಡಿದ್ದೇ ಬೇಕು ಅಂತ ಹಟ. ಕರೆದುಕೊಂಡು ಹೋದೆ.

"ಎಂತ ಕಡಿಯೋಕೆ ಮಾರಾಯ್ರೆ?"

"ಟ್ರೆಕ್ಕಿಂಗಿಗೆ ಆಚಾರ್ರೇ."

"ಅಲ್ಲಿ ಎಂತ ಕಡೀತ್ರಿ?"

ಹುಡುಗ ಯೋಚನೆ ಮಾಡಿದ. ಕಾಡಿನೊಳಗೆ ಒಂದು ಕಡ್ಡಿ ಕಡಿದರೂ ಫಾರೆಸ್ಟಿನವರು ಹಿಡಿಯುತ್ತಾರೆ ಅನ್ನುವುದು ಅವನಿಗೂ ಗೊತ್ತು. "ಬೇಕಾಗಬಹುದು ಅಂತ" ಅಂದ. ಆಚಾರ್ರು ತಲೆಯಾಡಿಸಿ, ಮನೆಯಲ್ಲಿ ಎಳನೀರು ಕುಡೀತೀರಾ, ಬಾಲ್ಕನಿಯಲ್ಲಿ ಗಿಡ ಇದೆಯಾ ಅಂತ ವಿಚಾರಿಸಿ, ಅದಕ್ಕೆ ತಕ್ಕ ಹಾಗೆ ಒಂದು ಗಿಡ್ಡ ಕತ್ತಿಗೆ ಅಳತೆ ತೆಗೆದುಕೊಂಡರು. ಅಳತೆ ಅಂದರೆ ಟೇಪಲ್ಲ. ಹುಡುಗನ ಅಂಗೈ ಹಿಡಿದು ಒಮ್ಮೆ ಮಡಚಿ ನೋಡಿದರು, ಅಷ್ಟೇ. ಡಾಕ್ಟರರ ಹತ್ತಿರ ಹೋದಾಗಲೂ ನಮ್ಮನ್ನು ಇಷ್ಟು ಕೇಳುವುದಿಲ್ಲ.

ಕಬ್ಬಿಣ ಎಲ್ಲಿಂದ ಅಂತ ಕೇಳಿದರೆ ಕುಲುಮೆಯ ಹಿಂದೆ ತೋರಿಸುತ್ತಾರೆ. ಲಾರಿಯ ಪ್ಲೇಟುಗಳ ರಾಶಿ. ಲಾರಿಯ ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಆ ಬಾಗಿದ ಪಟ್ಟಿಗಳು. ಕಟ್ಟಡಕ್ಕೆ ಹಾಕುವ ಸಾಧಾರಣ ಕಬ್ಬಿಣದಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಬಾಯಿ ನಿಲ್ಲುವುದಿಲ್ಲ. ಪ್ಲೇಟಿನ ಉಕ್ಕಿನಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚು ಇಂಗಾಲ ಇರುತ್ತದೆ, ಕತ್ತಿಗೆ ಅಷ್ಟು ಬೇಕು. ಘಾಟಿ ರಸ್ತೆಯ ಗುಂಡಿಗಳಲ್ಲಿ ಕುಣಿದು ಕುಣಿದು ತುಂಡಾದ ಪ್ಲೇಟು ನಮ್ಮ ಬೇಲಿ ಸವರಲು ಬರುತ್ತದೆ. ಗುಂಡಿಗಳಿಂದಲೂ ಉಪಯೋಗ ಇದೆ ಅನ್ನಿ.

ಹದ ಹಾಕುವಾಗ, ಅಂದರೆ ಕಾಯಿಸಿ ನೀರಿಗೆ ಅದ್ದಿ ಬಾಯಿ ಗಟ್ಟಿ ಮಾಡುವಾಗ ಮಾತ್ರ ಎದುರಿಗೆ ನಿಂತು ನೋಡಬೇಕು. ಹೊತ್ತು ಇಳಿದ ಮೇಲೆ, ಅಥವಾ ಮಾಡಿನ ಕೆಳಗೆ ಕತ್ತಲು ಮಾಡಿಕೊಂಡು ಹಾಕುತ್ತಾರೆ, ಬಿಸಿಲಲ್ಲಿ ಕೆಂಪು ಕಾಣುವುದಿಲ್ಲ. ತಿದಿಯ ಬದಲು ಈಗ ಕರೆಂಟಿನ ಬ್ಲೋವರು, ಇದ್ದಿಲು ಮಾತ್ರ ಅದೇ. ಅಲಗನ್ನು ಇಕ್ಕಳದಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುತ್ತಾ ಎಲ್ಲ ಕಡೆ ಒಂದೇ ಕೆಂಪು ಬರುವವರೆಗೆ ಕಾಯುತ್ತಾರೆ. 770 ಡಿಗ್ರಿ ದಾಟಿದರೆ ಕಬ್ಬಿಣಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ, ಹಾಗೆ ನೋಡಿಕೊಳ್ಳಬಹುದು ಅಂತ ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಆಚಾರ್ರು "ಹೌದಾ" ಅಂದು ಬೆಂಕಿ ನೋಡುತ್ತಲೇ ಇದ್ದರು. ಆಮೇಲೆ ಬಾಯಿಯನ್ನಷ್ಟೇ ನೀರಿಗೆ ತಾಗಿಸಿದರು, ಚುಂಯ್ ಅಂತು. ಬೆನ್ನು ಇನ್ನೂ ಬಿಸಿ. ತಕ್ಷಣ ಹೊರಗೆ ತೆಗೆದು ಒಂದು ಇಟ್ಟಿಗೆ ಚೂರಿನಿಂದ ಬಾಯಿಯನ್ನು ಗಸಗಸ ತಿಕ್ಕಿದರು. ಕಪ್ಪು ಹೋಗಿ ಬಿಳಿ ಉಕ್ಕು ಕಂಡಿತು. ಇಲ್ಲಿಂದ ಕಣ್ಣು ಮಿಟುಕಿಸಬಾರದು. ಬೆನ್ನಿನ ಬಿಸಿ ಬಾಯಿಯ ಕಡೆ ಹರಿಯುತ್ತಾ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅದು ಗಾಢವಾಗಿ ಕಂದು, ಆಮೇಲೆ ನೇರಳೆ, ಅದರ ಹಿಂದೆಯೇ ನೀಲಿ. ಹಳದಿಯಲ್ಲೇ ನಿಲ್ಲಿಸಿದರೆ ಬಾಯಿ ಬಹಳ ಗಟ್ಟಿ, ಗಂಟು ಸಿಕ್ಕಿದರೆ ಚಕ್ಕೆ ಏಳುತ್ತದೆ. ನೀಲಿ ದಾಟಲು ಬಿಟ್ಟರೆ ಮೆತ್ತಗಾಗಿ ಬಾಯಿ ಮಡಚುತ್ತದೆ. ಕಡಿಯುವ ಕತ್ತಿಗೆ ನೇರಳೆಯ ಹತ್ತಿರ ಸರಿ. ಆಚಾರ್ರು ಅದು ಬಂದ ಗಳಿಗೆಗೆ ಇಡೀ ಅಲಗನ್ನು ನೀರಿಗೆ ಬಿಟ್ಟರು. ಹುಡುಗ ವಿಡಿಯೋ ಮಾಡಲು ಫೋನು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊದಲೇ ಮಾಡಿಟ್ಟ ಕತ್ತಿಗಳಲ್ಲಿ ಆರಿಸುವುದಾದರೆ ಹದ ಕಣ್ಣಿಗೆ ಕಾಣುವುದಿಲ್ಲ. ಆಗ ಒಂದು ಅರ ಕೇಳಿ ತೆಗೆದುಕೊಳ್ಳಿ. ಬಾಯಿಯ ಮೇಲೆ ಅರ ಜಾರಬೇಕು, ಬೆನ್ನಿಗೆ ಕಚ್ಚಬೇಕು. ಒಂದು ಕಣ್ಣು ಮುಚ್ಚಿ ಬೆನ್ನಿನ ಗುಂಟ ನೋಡಿ, ಅಲಗು ಪಕ್ಕಕ್ಕೆ ತಿರುಚಿಕೊಂಡಿರಬಾರದು. ಹಿಡಿಯ ಬುಡದಲ್ಲಿ ಬೆನ್ನು ದಪ್ಪ ಇದ್ದು ಮೂಗಿನ ಕಡೆ ಹೋಗುತ್ತಾ ತೆಳುವಾಗಬೇಕು. ತಗಡಿನಲ್ಲಿ ಕತ್ತರಿಸಿ ಮಾಡಿದ್ದಾದರೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಕೈ ಕೆಲಸದ ಗುರುತು ಸುತ್ತಿಗೆಯ ಗುಳಿಗಳಲ್ಲಿಲ್ಲ. ಈಗ ಗುಳಿಯನ್ನೂ ಮೆಷಿನ್ನಿನಲ್ಲಿ ಒತ್ತಿ ಕೊಡುತ್ತಾರೆ, ಅದಕ್ಕೆ ರೇಟೂ ಜಾಸ್ತಿ.

ಎಲ್ಲರೂ ಅಲಗು ನೋಡುತ್ತಾರೆ, ಹಿಡಿ ನೋಡುವವರು ಕಡಿಮೆ. ಕತ್ತಿಯ ಬಾಲ ಹಿಡಿಯ ಒಳಗೆ ಅರ್ಧಕ್ಕೆ ನಿಂತಿದೆಯೋ, ಪೂರ್ತಿ ಹೋಗಿ ಹಿಂದೆ ಬಂದು ಮಡಚಿಕೊಂಡಿದೆಯೋ ನೋಡಬೇಕು. ಕತ್ತಿಯಿಂದ ಆಗುವ ದೊಡ್ಡ ಅಪಾಯ ಬಾಯಿ ಹರಿತವಾಗಿರುವುದರಿಂದಲ್ಲ, ಬೀಸಿದಾಗ ಅಲಗು ಹಿಡಿ ಬಿಟ್ಟು ಹಾರುವುದರಿಂದ. ಹಿಡಿ ಸೀಳದಂತೆ ಕುತ್ತಿಗೆಗೆ ಹಾಕುವ ಬಳೆಯಂಥ ಅಣಸು ಬಿಗಿಯಾಗಿರಬೇಕು. ಹಿಡಿಯ ಕೊನೆ ಸ್ವಲ್ಪ ಉಬ್ಬಿರಬೇಕು, ಕಿರುಬೆರಳಿಗೆ ತಡೆ ಸಿಗಬೇಕು. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ವಾರ್ನಿಷು ಹೊಡೆದ ನುಣ್ಣನೆ ಹಿಡಿ ಯಾರಿಗೆ ಬೇಕು? ಬರೀ ಮರವೇ ಸರಿ. ಎರಡು ಮಳೆಗಾಲ ಕಳೆದರೆ ಕೈಯ ಬೆವರಿಗೆ ತಾನಾಗಿ ಹೊಳಪು ಬರುತ್ತದೆ.

ಚರ್ಮದ ಒರೆಯೂ ನಮಗೆ ಹೇಳಿದ್ದಲ್ಲ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಒಳಗೆ ನೀರು ನಿಂತು ಕತ್ತಿಗೆ ತುಕ್ಕು. ಸೊಂಟದ ಹಗ್ಗಕ್ಕೆ ಕಟ್ಟುವ ಕೊಕ್ಕೆಯಾದರೆ ಕತ್ತಿ ಬೆನ್ನ ಹಿಂದೆ ತೆರೆದೇ ನೇತಾಡುತ್ತದೆ, ನೀರು ಸೋರಿಹೋಗುತ್ತದೆ, ಮರ ಹತ್ತಲು ಎರಡೂ ಕೈ ಖಾಲಿ. ಕೂರುವ ಮೊದಲು ತೆಗೆಯಬೇಕು ಅನ್ನುವುದೊಂದು ನೆನಪಿರಲಿ. ಅಣ್ಣನ ಮಗ ಕೊಕ್ಕೆಯನ್ನೂ ಕೊಂಡು ಜೀನ್ಸಿನ ಬೆಲ್ಟಿಗೆ ಸಿಕ್ಕಿಸಿ ಫೋಟೋ ತೆಗೆಸಿಕೊಂಡ. ಬಸ್ಸಿಗೆ ಹೋಗುವಾಗ ಅಮ್ಮ ಕತ್ತಿಯನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಹಗ್ಗ ಕಟ್ಟಿ ಬ್ಯಾಗಿನ ತಳದಲ್ಲಿ ಇಟ್ಟಳು.

ಆಚಾರ್ರು ಈಗ ದಿನವೂ ಕುಲುಮೆ ಹಚ್ಚುವುದಿಲ್ಲ. ಕಳೆಗೆ ಪೆಟ್ರೋಲಿನ ಮೆಷಿನ್ನು ಬಂದಿದೆ, ಕೊನೆ ಕೊಯ್ಯಲು ನೆಲದಲ್ಲೇ ನಿಂತು ಎತ್ತುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡಿದರೆ ನಾಲ್ಕು ಕಾಸು ಬರುತ್ತದೆ, ಅದನ್ನು ಯಾಕೆ ಬಿಡಬೇಕು? ಮಳೆಗಾಲಕ್ಕೆ ಮೊದಲು ಮತ್ತು ಆಯುಧ ಪೂಜೆಯ ಎದುರಿಗೆ ಕುಲುಮೆ ಉರಿಯುತ್ತದೆ. ಆ ದಿನ ನೋಡಿಕೊಂಡು ಹೋಗಬೇಕು, ಫೋನು ಮಾಡಿ ಹೋದರೆ ಇನ್ನೂ ಒಳ್ಳೆಯದು.

ನಾನೂ ಒಂದು ಮಾಡಿಸಿಕೊಂಡೆ. ಮಸೆಯಲು ಹಳೇ ಮಸೆಮರ ಜಗುಲಿಯ ಮೂಲೆಯಲ್ಲಿದೆ, ಬೆಣಚುಕಲ್ಲಿನ ಪುಡಿ ಉದುರಿಸಿ ಎಳೆದರಾಯಿತು. ಅಮ್ಮನ ಕತ್ತಿ ಮಸೆದು ಮಸೆದು ಅರ್ಧ ಅಗಲಕ್ಕೆ ಬಂದಿದೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಪ್ಪನದ್ದು ಮಾಡಿನ ಸಂದಿಯಲ್ಲಿ, ಅವರ ಕೈಗಷ್ಟೇ ಎಟುಕುವ ಎತ್ತರದಲ್ಲಿ. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತದೆ ಅನ್ನುತ್ತಾರೆ. ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನನ್ನದು ಹೊಸದು, ಎದುರಿಗೇ ನೆಲದ ಮೇಲೆ ಇರುತ್ತಿತ್ತು, ಎಲ್ಲರೂ ಎತ್ತಿಕೊಂಡರು. ಕಾಯಿ ಒಡೆಯಲು ಕತ್ತಿಯ ಬೆನ್ನು ಇದೆ ಅನ್ನುವುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಬಾಯಿಯಲ್ಲಿ ಒಂದು ಹಲ್ಲು ಬಿದ್ದಿದೆ, ಅದರೊಳಗೆ ಕರಟದ ನಾರು ಸಿಕ್ಕಿಕೊಂಡಿದೆ. ಯಾರು ಅಂತ ಕೇಳಿದರೆ ಅಪ್ಪ ಪೇಪರು ಓದುತ್ತಾರೆ, ಅಮ್ಮ ಮಧ್ಯಾಹ್ನದ ಸಾರಿಗೆ ಕಾಯಿ ತುರಿಯುತ್ತಾಳೆ.