ಕಿವಿಗೆ ಕೇಳದ ಟ್ಯಾಪೆಟ್

ನಾನಿರುವ ಜರ್ಮನಿಯಲ್ಲಿ 50 ಸಿಸಿ ಸ್ಕೂಟರಿಗೆ ಹೊಸ ವರ್ಷ ಬರುವುದು ಮಾರ್ಚ್ 1ಕ್ಕೆ. ವಿಮೆಯ ನಂಬರ್ ಪ್ಲೇಟ್ ಅಂದು ಬದಲಾಗಬೇಕು. ಕಪ್ಪು, ನೀಲಿ, ಹಸಿರು ಸರದಿಯ ಮೇಲೆ ಬರುತ್ತವೆ. ಚಳಿಗಾಲವಿಡೀ ಮೂಲೆ ಹಿಡಿದಿದ್ದ ಗಾಡಿಗಳನ್ನು ಆಗ ಹೊರಗೆ ತಳ್ಳುತ್ತಾರೆ. ಎಷ್ಟೋ ಗಾಡಿಗಳು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ನಮ್ಮೂರಲ್ಲಿ ಇದೇ ಗೋಳು ಜೂನ್ ತಿಂಗಳ ಮೊದಲ ಮಳೆಗೆ. ಕಾರಣ ಮಾತ್ರ ಬೇರೆ. ಇಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿ ಅಂಟಾಗಿ ಕಾರ್ಬೊರೇಟರಿನ ಸ್ಲೋ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಂಡಿರುತ್ತದೆ, ಬ್ಯಾಟರಿ ಇಳಿದಿರುತ್ತದೆ. ಊರಲ್ಲಿ ಸ್ಪಾರ್ಕ್ ಪ್ಲಗ್ಗಿನ ಕ್ಯಾಪಿನೊಳಗೆ ನೀರು ಸೇರಿರುತ್ತದೆ, ಇಲ್ಲವೇ ಏರ್ ಫಿಲ್ಟರ್ ನೆನೆದಿರುತ್ತದೆ.

ಗಾಡಿ ನಿಂತ ಮೇಲೆ ಜನ ಏನು ಮಾಡುತ್ತಾರೆ ಎಂಬುದರಲ್ಲಿ ಇನ್ನೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಗ್ಯಾರೇಜಿನ ಕೂಲಿ ಹಳೆಯ ಸ್ಕೂಟರಿನ ಬೆಲೆಯನ್ನೇ ನುಂಗುವಷ್ಟು, ಹಾಗಾಗಿ ಮಾಲೀಕರು ರಿಪೇರಿ ಕೈಪಿಡಿ ತೆರೆದಿಟ್ಟುಕೊಂಡು ತಾವೇ ಕೂರುತ್ತಾರೆ. ಊರಲ್ಲಿ ಬೀದಿಯ ತುದಿಗೆ ತಳ್ಳಿಕೊಂಡು ಹೋದರೆ ಅರ್ಧ ಗಂಟೆಯ ಕೆಲಸ. ಕೈಚಳಕದ ವಿಷಯಕ್ಕೆ ಬಂದರೆ ದಾವಣಗೆರೆಯ ಒಬ್ಬ ಒಳ್ಳೆಯ ಮೆಕ್ಯಾನಿಕ್‌ನ ಮುಂದೆ ಇಲ್ಲಿನ ಹವ್ಯಾಸಿಗಳು ನಿಲ್ಲುವುದಿಲ್ಲ. ಆದರೆ ಇಲ್ಲಿನವರ ಒಂದು ಅಭ್ಯಾಸ ನಮಗೆ ಬರಲೇಬೇಕು ಅನ್ನುತ್ತೇನೆ: ಬಿಚ್ಚುವ ಮೊದಲು ಅಳೆಯುವುದು. ರಿಪೇರಿ ಯಾರಾದರೂ ಮಾಡಲಿ, ದೋಷ ಎಲ್ಲಿದೆ ಎಂದು ಹುಡುಕುವ ಕೆಲಸ ಮನೆಯಲ್ಲೇ ಆಗಲಿ. ಅದಕ್ಕೆ ಒಂದು ಮಲ್ಟಿಮೀಟರ್, ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಹಾಳೆಗಳು), ಒಂದು ಪ್ಲಗ್ ಸ್ಪಾನರ್ ಸಾಕು.

ಸ್ಟಾರ್ಟ್ ಆಗದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ. ನಿಂತಾಗ 12.6 ವೋಲ್ಟ್ ಮೇಲಿದ್ದರೆ ಚೆನ್ನಾಗಿದೆ, 12.2ಕ್ಕಿಂತ ಇಳಿದಿದ್ದರೆ ಚಾರ್ಜ್ ಮಾಡಬೇಕು. ತುಂಬ ಚಾರ್ಜ್ ಆದ ಬ್ಯಾಟರಿಯೂ ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿಯಿತು. ಎಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 13.5ರಿಂದ 14.5 ತೋರಿಸಬೇಕು. ತೋರಿಸದಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ, ಚಾರ್ಜಿಂಗ್ ಕಡೆ ನೋಡಿ. ಬ್ರೇಕ್ ಹಿಡಿಯದೆ ಸೆಲ್ಫ್ ತಿರುಗುವುದಿಲ್ಲ ಎಂಬುದೂ ನೆನಪಿರಲಿ. ಎಷ್ಟೋ ಸಲ ಕೆಟ್ಟಿರುವುದು ಬ್ರೇಕ್ ಲಿವರಿನ ಪುಟ್ಟ ಸ್ವಿಚ್ ಅಷ್ಟೇ.

ಆಮೇಲೆ ಪ್ಲಗ್. ಸ್ವಲ್ಪ ಹೊತ್ತು ಸೆಲ್ಫ್ ಹೊಡೆದು ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ತಿರುಗಿಸಿದರೆ ನೀಲಿ ಕಿಡಿ ಕಾಣಬೇಕು. ಹಳದಿಯಾಗಿ ಸಣ್ಣಗೆ ಬಂದರೆ ಮೊದಲು ಕ್ಯಾಪ್ ಒಣಗಿಸಿ, ಹೊಸ ಪ್ಲಗ್ ಹಾಕಿ ನೋಡಿ. ತಿರುಗಿ ಹಾಕುವಾಗ ಕೈಯಲ್ಲೇ ಪೂರ್ತಿ ತಿರುಗಿಸಿ, ಹೊಸ ಪ್ಲಗ್ ಆದರೆ ಸ್ಪಾನರಿನಲ್ಲಿ ಅರ್ಧ ಸುತ್ತು ಸಾಕು. 10 ಮಿ.ಮೀ. ಪ್ಲಗ್ಗಿಗೆ ಬೇಕಿರುವುದು 10ರಿಂದ 12 ನ್ಯೂಟನ್ ಮೀಟರ್ ಬಿಗಿ. ಮೈಮೇಲೆ ಬಂದವರಂತೆ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋಗುತ್ತದೆ, ಆಮೇಲೆ ಲೇತ್ ಅಂಗಡಿಯೇ ಗತಿ.

ಪ್ಲಗ್ ಒಣಗಿದ್ದು, ಗಾಡಿ ಕಾರ್ಬೊರೇಟರಿನದಾಗಿದ್ದರೆ ಪೆಟ್ರೋಲ್ ಪೈಪ್ ಕಳಚಿ ಬಾಟಲಿಗೆ ಬಿಡಿ. ಅನೇಕ ಸ್ಕೂಟರುಗಳ ಪೆಟ್ರೋಲ್ ಕಾಕ್ ಎಂಜಿನ್ನಿನ ಎಳೆತದಿಂದ ತೆರೆಯುವಂಥದ್ದು, ಹಾಗಾಗಿ ಸೆಲ್ಫ್ ಹೊಡೆಯುತ್ತ ನೋಡಿ. ಆ ಎಳೆತ ತಲುಪಿಸುವ ಸಣ್ಣ ರಬ್ಬರ್ ಪೈಪ್ ಬಿರುಕು ಬಿಟ್ಟರೆ ಟ್ಯಾಂಕ್ ತುಂಬಿದ್ದರೂ ಹನಿ ಇಳಿಯುವುದಿಲ್ಲ. ಕಾಕಿನೊಳಗಿನ ರಬ್ಬರ್ ಪೊರೆ (ಡಯಾಫ್ರಾಮ್) ಹರಿದರೆ ಉಲ್ಟಾ, ಅದೇ ಪೈಪಿನಲ್ಲಿ ಪೆಟ್ರೋಲ್ ನೇರ ಎಂಜಿನ್ನಿಗೆ ಹೋಗುತ್ತದೆ. ಆಯಿಲ್ ಮೂಸಿದರೆ ಗೊತ್ತಾಗುತ್ತದೆ. ಸ್ಲೋ ಜೆಟ್ಟಿಗೆ ಪಿನ್ನು, ಗಟ್ಟಿ ತಂತಿ ಹಾಕಬೇಡಿ, ತೂತು ದೊಡ್ಡದಾದರೆ ಐಡ್ಲಿಂಗ್ ಮತ್ತೆ ಸರಿಹೋಗುವುದಿಲ್ಲ. ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿದರೆ ಸಾಕು.

ಇನ್ನು ಟ್ಯಾಪೆಟ್, ಅಂದರೆ ಎಂಜಿನ್ನಿನ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಕಿವಿಯಿಂದಲೇ ಹೊಂದಿಸುತ್ತಾರೆ: ಟಕಟಕ ಸದ್ದು ಬಂದರೆ ಬಿಗಿ ಮಾಡು, ಸದ್ದು ನಿಂತರೆ ಸರಿಯಾಯಿತು. ತೊಂದರೆ ಇರುವುದೇ ಅಲ್ಲಿ. ಸಡಿಲವಾದ ಟ್ಯಾಪೆಟ್ ಗಲಾಟೆ ಮಾಡುತ್ತದೆ, ಬಿಗಿಯಾದದ್ದು ಬಾಯಿ ಬಿಡುವುದಿಲ್ಲ, ಹೆಚ್ಚು ಹಾಳು ಮಾಡುವುದು ಅದೇ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನೊಳಗೆ ಸವೆದು ಕೂತಂತೆಲ್ಲ ಗ್ಯಾಪ್ ಕಡಿಮೆಯಾಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸೀಟಿಗೆ ತಾಗಿ ಶಾಖ ಬಿಟ್ಟುಕೊಡಲಾಗದೆ ವಾಲ್ವಿನ ಅಂಚು ಸುಡುತ್ತದೆ. ಇಷ್ಟೆಲ್ಲ ಆಗುವಾಗ ಎಂಜಿನ್ ಮಾತ್ರ ನುಣ್ಣಗೆ, ಸದ್ದಿಲ್ಲದೆ ಓಡುತ್ತಿರುತ್ತದೆ! ಇದನ್ನು ಹಿಡಿಯಲು ಫೀಲರ್ ಗೇಜೇ ಬೇಕು. ರಾತ್ರಿಯೆಲ್ಲ ತಣ್ಣಗಾದ ಎಂಜಿನ್, ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಚಕ್ರದ ಟಿ ಗುರುತು ಕೇಸಿನ ಗುರುತಿಗೆ ಎದುರಾಗಿರಬೇಕು, ಎರಡೂ ರಾಕರ್ ಕೈಗೆ ಅಲ್ಲಾಡಬೇಕು. ಅಲ್ಲಾಡದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಇಲ್ಲಿ ಎಲ್ಲೆಡೆ ಕಾಣುವ 139ಕ್ಯೂಎಂಬಿ ಎಂಬ ಚೀನೀ 50 ಸಿಸಿ ಎಂಜಿನ್ನಿಗೆ 0.05ರಿಂದ 0.10 ಮಿ.ಮೀ. ಹೇಳುತ್ತಾರೆ. ನಿಮ್ಮ ಗಾಡಿಯದು ಬೇರೆ ಇರುತ್ತದೆ, ಅದರ ಕೈಪಿಡಿ ನೋಡಿ. ಹಾಳೆ ತುಸು ತಡೆಯುತ್ತ ಜಾರಬೇಕು. ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ತಿರುಗಿಬಿಡುತ್ತದೆ.

ಹಾಗೆಂದು ಇಲ್ಲಿನದೆಲ್ಲ ನನಗೆ ಒಪ್ಪಿಗೆಯಿಲ್ಲ. ಒಂದು ಜೆಟ್ ಕಟ್ಟಿದ್ದಕ್ಕೆ ಇಡೀ ಕಾರ್ಬೊರೇಟರ್ ಎಸೆದು ಅಗ್ಗದ ಚೀನಾ ಮಾಲು ತರಿಸಿಕೊಳ್ಳುವವರು ಬೇಕಾದಷ್ಟು ಜನ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ವಾಷರ್, ಒಂದು ಓ ರಿಂಗ್ ಬಿಡಿಯಾಗಿ ಸಿಗುವ ಸುಖ ಇಲ್ಲಿಲ್ಲ.

ಆಯಿಲ್ ವಿಷಯದಲ್ಲಿ ಮಾತ್ರ ಇಲ್ಲಿನ ಕಾನೂನು ನಮಗೂ ಬೇಕಿತ್ತು. ಎಂಜಿನ್ ಆಯಿಲ್ ಮಾರಿದವರು ಅಷ್ಟೇ ಪ್ರಮಾಣದ ಹಳೆಯ ಆಯಿಲನ್ನು ಪುಕ್ಕಟೆ ವಾಪಸ್ ತೆಗೆದುಕೊಳ್ಳಲೇಬೇಕು, ರಸೀದಿ ಇಟ್ಟುಕೊಂಡಿದ್ದರಾಯಿತು. ನಮ್ಮಲ್ಲಿ ಅದು ಚರಂಡಿಗೆ ಹೋಗುತ್ತದೆ, ಇಲ್ಲವೇ ಗೆದ್ದಲಿಗೆಂದು ಮರಕ್ಕೆ ಬಳಿಯುತ್ತಾರೆ. ಹಾಕುವ ಲೆಕ್ಕವೂ ತಪ್ಪುತ್ತದೆ. 110 ಸಿಸಿ ಸ್ಕೂಟರಿಗೆ ಮಾದರಿ ನೋಡಿಕೊಂಡು 650ರಿಂದ 800 ಮಿ.ಲೀ. ಸಾಕು, ಡಬ್ಬಿ ಪೂರ್ತಿ ಸುರಿದರೆ ಹೆಚ್ಚಾದದ್ದು ಎಂಜಿನ್ನಿನ ಹಬೆ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಏರುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕನ್ನು ಬಹುತೇಕ ಸ್ಕೂಟರುಗಳಲ್ಲಿ ತಿರುಗಿಸದೆ, ಸುಮ್ಮನೆ ಇಳಿಬಿಟ್ಟು ನೋಡಬೇಕು, ಗಾಡಿ ಡಬಲ್ ಸ್ಟ್ಯಾಂಡ್ ಮೇಲಿರಬೇಕು. ಹಿಂದಿನ ಚಕ್ರದ ಗೇರ್ ಆಯಿಲ್ ಬೇರೆಯೇ, ಸುಮಾರು 120 ಮಿ.ಲೀ.; ಅದನ್ನು ಕೇಳಿ ಹಾಕಿಸುವವರೇ ಅಪರೂಪ.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್ 6 ಹೊಗೆ ನಿಯಮದ ಬಹುತೇಕ ಸ್ಕೂಟರುಗಳಲ್ಲಿ ಕಾರ್ಬೊರೇಟರ್ ಜಾಗಕ್ಕೆ ಇಂಜೆಕ್ಷನ್ ಬಂದಿದೆ. ಇವುಗಳಲ್ಲಿ ಪೆಟ್ರೋಲ್ ಪೈಪ್ ಎಳೆಯಬೇಡಿ, ಒಳಗೆ ಒತ್ತಡ ಇರುತ್ತದೆ. ಕೀ ತಿರುಗಿಸಿದಾಗ ಪಂಪಿನ ಗುಂಯ್ ಸದ್ದು ಒಂದೆರಡು ಸೆಕೆಂಡ್ ಕೇಳಬೇಕು. ಎಂಜಿನ್ ದೀಪ ಮಿಣುಕುತ್ತಿದ್ದರೆ ಎಷ್ಟು ಉದ್ದ, ಎಷ್ಟು ಗಿಡ್ಡ ಎಂದು ಎಣಿಸಿ ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ಹೇಳಿ.

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರದ ಕಡೆ ಒಯ್ಯುವ ಬೆಲ್ಟ್ ಕಡೆಯ ಕೆಲಸವನ್ನು, ಪುಲ್ಲಿ ತಿರುಗದಂತೆ ಹಿಡಿಯುವ ಹೋಲ್ಡರ್ ಇಲ್ಲದಿದ್ದರೆ ಗ್ಯಾರೇಜಿಗೇ ಕೊಡಿ. ಪುಲ್ಲಿಯ ಫ್ಯಾನಿನ ಎಲೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ನಟ್ ಬಿಚ್ಚಲು ಹೋದರೆ ಎಲೆ ಮುರಿಯುತ್ತದೆ. ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ ಅಂತಾದರೆ ಬೆಲ್ಟ್ ಇಲ್ಲವೇ ಕ್ಲಚ್ ಸವೆದಿದೆ. ಹೊರಡುವಾಗ ಮಾತ್ರ ನಡುಗಿದರೆ ಕ್ಲಚ್ ಬೆಲ್ಲಿನ (ಕ್ಲಚ್ ಸುತ್ತಲಿನ ಬಟ್ಟಲು) ಧೂಳು ಮೊದಲ ಅನುಮಾನ. ಬದಲಾಯಿಸಿದರೆ ಹಳೆಯ ಬೆಲ್ಟನ್ನು ಕೇಳಿ ಪಡೆದುಕೊಂಡು ವರ್ನಿಯರಿನಲ್ಲಿ ಅಗಲ ಅಳೆಯಿರಿ. ಕೈಪಿಡಿಯ ಕನಿಷ್ಠ ಅಳತೆಗಿಂತ ಹೆಚ್ಚಿದ್ದು, ಎಲ್ಲೂ ಬಿರುಕಿಲ್ಲದಿದ್ದರೆ ದೋಷ ಬೆಲ್ಟಿನದಾಗಿರಲಿಲ್ಲ. ಕ್ಲಚ್ ಶೂ, ಪುಲ್ಲಿಯೊಳಗಿನ ರೋಲರ್‌ಗಳು ಚಪ್ಪಟೆಯಾಗಿವೆಯೇ ಎಂದು ನೋಡಿಸಿ.