ಡಾಕ್ಟರು ಗೇರುಗುಡ್ಡೆಯಲ್ಲಿ ಸಿಗುತ್ತಾರೆ

ನಮ್ಮ ಊರಿನಲ್ಲಿ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಕೇಳಿದರೆ ಸಣ್ಣ ಮಕ್ಕಳೂ ಗೇರುಗುಡ್ಡೆಯತ್ತ ಕೈ ತೋರಿಸುತ್ತಾರೆ. ಅಲ್ಲಿ ಆಸ್ಪತ್ರೆ ಇಲ್ಲ, ಒಂದು ಮುರಕಲ್ಲು ಇದೆ. ಅದರ ಮೇಲೆ ಕುಳಿತು ಪಡುವಣಕ್ಕೆ ಮುಖ ಮಾಡಿದರೆ ಮೊಬೈಲಿನಲ್ಲಿ ಸಿಗ್ನಲ್ಲಿನ ಎರಡು ಕಡ್ಡಿ ಮೂಡುತ್ತವೆ. ಮೂರನೆಯದನ್ನು ಕಂಡವರು ಪುಣ್ಯವಂತರು.

ಊರು ಇರುವುದು ಹೆಬ್ರಿಯ ಆಚೆ, ಘಟ್ಟದ ಬುಡದಲ್ಲಿ. ಜಿಲ್ಲೆ ಉಡುಪಿ. ಮಣಿಪಾಲದಲ್ಲಿ 1953ರಿಂದ ಡಾಕ್ಟರುಗಳನ್ನು ತಯಾರಿಸಿ ಲೋಕಕ್ಕೆಲ್ಲ ಹಂಚಿದ ಜಿಲ್ಲೆ!

ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನುವಂತಿಲ್ಲ. 2020ರ ಏಪ್ರಿಲ್‌ನಿಂದ ಇ-ಸಂಜೀವಿನಿ ಎಂಬ ಆನ್‌ಲೈನ್ ಸೇವೆಯ ಮೂಲಕ ಮನೆಯಲ್ಲೇ ಕುಳಿತು ಡಾಕ್ಟರನ್ನು ಕಾಣಬಹುದು. ಹೆಸರನ್ನು ಯಾರು ಆರಿಸಿದರೋ, ರಾಮಾಯಣ ಬಲ್ಲವರೇ ಇರಬೇಕು. ಒಂದೇ ವ್ಯತ್ಯಾಸ: ಅಂದು ಹನುಮಂತ ಗುಡ್ಡವನ್ನು ರೋಗಿಯ ಬಳಿಗೆ ಹೊತ್ತು ತಂದ, ಇಂದು ನಾವು ರೋಗಿಯನ್ನು ಗುಡ್ಡಕ್ಕೆ ಹೊತ್ತೊಯ್ಯುತ್ತೇವೆ.

ಪಂಚಾಯತ್‌ಗಳಿಗೆ ಇಂಟರ್ನೆಟ್ ತರುವ ಫೈಬರ್ ತಂತಿ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. 2015ರ ಹೊತ್ತಿಗೆ ಭಾರತ್‌ನೆಟ್ ಎಂದು ನಾಮಕರಣವಾಯಿತು. ಮೊದಲು ಎಳೆದದ್ದು ತಾಲೂಕಿನಿಂದ ಒಂದೇ ಎಳೆ. ನಡುವೆ ಕಡಿದರೆ ಅದರಾಚೆಯವರಿಗೆಲ್ಲ ಶೂನ್ಯ. ಬಳೆಯ ಹಾಗೆ ಸುತ್ತು ಹಾಕಿದರೆ ಇನ್ನೊಂದು ಮಗ್ಗುಲಿನಿಂದ ಬರುತ್ತದೆ ಎಂಬ ತಿದ್ದುಪಡಿಗೆ ಒಪ್ಪಿಗೆ ದೊರೆತದ್ದು 2023ರಲ್ಲಿ. ನಮ್ಮ ತೋಟಕ್ಕೆ ಪೈಪು ಹಾಕುವವನು ಇದನ್ನು ಚಹಾ ಕುಡಿಯುತ್ತಲೇ ಹೇಳಿಬಿಡುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಆ ಎಳೆ ಬಂದು ನಿಂತದ್ದು ಪಂಚಾಯತ್ ಕಚೇರಿಯ ಮೂಲೆಯಲ್ಲಿ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ. ಒಳಗೆ ಹಸಿರು ದೀಪ ಮಿನುಗುತ್ತದೆ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ, ಸೇವಂತಿಗೆ ಹಾರ. ಅಲ್ಲಿಂದ ನೂರು ಹೆಜ್ಜೆಗೆ ಆರೋಗ್ಯ ಉಪಕೇಂದ್ರ. ಈಗ ಅದರ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಮಂದಿರವೆಂದ ಮೇಲೆ ದರ್ಶನಕ್ಕೆ ಕಾಯಬೇಕಲ್ಲ! ಆ ನೂರು ಹೆಜ್ಜೆಯ ತಂತಿ ಯಾವ ಇಲಾಖೆಯ ಲೆಕ್ಕಕ್ಕೆ ಎಂಬ ಕಡತ ಮಾತ್ರ ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಇದೆ. ಅದಕ್ಕೆ ಸಿಗ್ನಲ್ ಬೇಡ ನೋಡಿ.

ಜಡಿಮಳೆಯ ಆಟಿ ತಿಂಗಳ ಒಂದು ಬೆಳಗ್ಗೆ ಪಕ್ಕದ ಮನೆಯ ದೊಡ್ಡಮ್ಮನನ್ನು ಗುಡ್ಡಕ್ಕೆ ಕರೆದೊಯ್ದೆ. ಮಂಡಿನೋವು. ತೋಡಿನ ಕಾಲುಸಂಕವನ್ನು ಅವರು ಕುಳಿತೇ ದಾಟಿದರು. ಮೇಲೆ ತಲುಪಿದಾಗ ನಾನು ಕೊಡೆ ಹಿಡಿದದ್ದು ಮೊಬೈಲಿಗೆ. ದೊಡ್ಡಮ್ಮ ನೆನೆದರೆ ಒಣಗುತ್ತಾರೆ, ಅದು ನೆನೆದರೆ ಡಾಕ್ಟರೇ ಇಲ್ಲ. ಮೊದಲ ಒಟಿಪಿ ಬರುವಷ್ಟರಲ್ಲಿ ಅವಧಿ ಮುಗಿದಿತ್ತು. ಎರಡನೆಯದಕ್ಕೆ ತೆರೆ ಬೆಳಗಿ, ಡಾಕ್ಟರ ಒಂದು ಕಣ್ಣು ಮತ್ತು ಅರ್ಧ ಮೂಗು ಕಾಣಿಸಿಕೊಂಡು ಅಲ್ಲೇ ನಿಂತವು.

“ಏನಮ್ಮಾ ತೊಂದರೆ?”

“ಮಂಡಿನೋವು ಡಾಕ್ಟರೇ.”

“ಯಾವಾಗ ಜಾಸ್ತಿಯಾಗುತ್ತದೆ?”

“ನಿಮ್ಮ ಹತ್ತಿರ ಮಾತಾಡಲು ಬರುವಾಗ.”

ಸ್ವಲ್ಪ ಹೊತ್ತು ಗರಗರ ಸದ್ದು. ಆಮೇಲೆ ಅರ್ಧ ಮೂಗು ಮಾತಾಡಿತು: “ಸರಿಯಾಗಿ ಕೇಳಿಸುತ್ತಿಲ್ಲ ಅಮ್ಮಾ, ಇನ್ನೂ ಸ್ವಲ್ಪ ಮೇಲೆ ಹೋಗಿ.”

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, ನನ್ನ ಹೆಗಲು ಹಿಡಿದು, ಮುರಕಲ್ಲಿನ ಮೇಲೆ ಎದ್ದು ನಿಂತರು.