ನಿಂತುಹೋದ ರೈಲು ಕಂಪನಿಗೆ ಫೌತಿ ಆಗಬೇಕಾ?

ಪರ

ಅಜ್ಜ ತೀರಿಕೊಂಡು ಹದಿನಾಲ್ಕು ವರ್ಷ ಆದರೂ ನಮ್ಮ ಹೊಲದ ಪಹಣಿ ಅವರ ಹೆಸರಲ್ಲೇ ಇತ್ತು. ಬೆಳೆ ಸಾಲ ಇಲ್ಲ, ಬೆಳೆ ಹಾನಿ ಪರಿಹಾರವೂ ಇಲ್ಲ. ಹೋದಲ್ಲೆಲ್ಲ ಒಂದೇ ಮಾತು: "ಮೊದ್ಲು ಫೌತಿ ಮಾಡಿಸ್ರಿ." ಅಂದರೆ ತೀರಿಕೊಂಡವರ ಹೆಸರಿನ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಿ ಅಂತ. ರಾಯಚೂರು ಕಡೆ ಈ ತಾಪತ್ರಯ ಗೊತ್ತಿಲ್ಲದ ಮನೆ ಕಡಿಮೆ.

ಎಂದೋ ನಿಂತ ರೈಲು ಕಂಪನಿಯ ಪಾಡೂ ಇದೇ. ಗಾಡಿ ಇಲ್ಲ, ನೌಕರರಿಲ್ಲ. ಎಲ್ಲೋ ಒಂದು ಗೋದಾಮು, ಒಂದಿಷ್ಟು ಜಾಗ, ಬ್ಯಾಂಕಲ್ಲಿ ಚೂರು ದುಡ್ಡು ಮಾತ್ರ ಅದರ ಹೆಸರಲ್ಲಿ ಉಳಿದಿರುತ್ತದೆ. ಮಾರೋಣ ಅಂದರೆ ಸಹಿ ಹಾಕುವವರಿಲ್ಲ. ಒತ್ತುವರಿ ಆದರೆ ಕೇಳುವವರಿಲ್ಲ.

1871ರಲ್ಲಿ ನಮ್ಮ ರಾಯಚೂರಲ್ಲಿ ಬಂದು ಕೂಡಿದ ಎರಡು ಮಾರ್ಗಗಳೂ ಕಂಪನಿಗಳವೇ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ. ಮದ್ರಾಸ್‌ನದು 1908ರಲ್ಲಿ ಸದರ್ನ್ ಮರಾಠಾ ಜೊತೆ ಸೇರಿತು. 1944ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಕೈ ಬದಲಾದಾಗೆಲ್ಲ ಕಾಗದವೂ ಬದಲಾಯಿತು. ಆ ಹಳಿ ಯಾರದು ಅಂತ ಇವತ್ತು ಯಾರೂ ಕೇಳಬೇಕಿಲ್ಲ.

ಅಮೆರಿಕದ ರಾಕ್ ಐಲೆಂಡ್ ಕಂಪನಿ ದಿವಾಳಿಯಾಗಿ 1980ರ ಮಾರ್ಚ್ 31ಕ್ಕೆ ಗಾಡಿ ನಿಲ್ಲಿಸಿತು. ಕೋರ್ಟಿನ ಟ್ರಸ್ಟಿ ಹಳಿ, ಇಂಜಿನ್, ಜಾಗ ಮಾರುತ್ತ ಬಂದರು. 1984ರ ಹೊತ್ತಿಗೆ ಸಾಲ ಕೊಟ್ಟವರಿಗೆಲ್ಲ ಪೂರ್ತಿ ಹಣ ಸಿಕ್ಕಿತು.

ನಮ್ಮಲ್ಲೂ ದಾರಿ ಇದೆ. 2013ರ ಕಂಪನಿ ಕಾಯ್ದೆಯಡಿ ಟ್ರಿಬ್ಯುನಲ್ (ಕಂಪನಿಗಳ ನ್ಯಾಯಮಂಡಳಿ) ಒಬ್ಬ ಲಿಕ್ವಿಡೇಟರ್‌ನನ್ನು, ಅಂದರೆ ಆಸ್ತಿ ಮಾರಿ ಸಾಲ ತೀರಿಸುವವರನ್ನು, ನೇಮಿಸಿ ಕಂಪನಿ ಮುಚ್ಚಿಸಬಹುದು. ವಾರಸುದಾರರಿಲ್ಲದ ಆಸ್ತಿ ಸಂವಿಧಾನದ 296ನೇ ವಿಧಿಯಂತೆ ಅದು ಇರುವ ರಾಜ್ಯಕ್ಕೇ ಸೇರುತ್ತದೆ. ಒತ್ತುವರಿ ಮಾಡಿದವರ ಪಾಲಾಗುವ ಬದಲು ಅಲ್ಲೊಂದು ಆಸ್ಪತ್ರೆಯೋ ಶಾಲೆಯೋ ಬರಲಿ, ಅಲ್ವಾ?

ವಿರೋಧ

ಹೊಲದ ಫೌತಿ ಬೇರೆ, ರೈಲು ದಾರಿಯ ಫೌತಿ ಬೇರೆ. ಹೊಲ ನಾಲ್ಕು ಪಾಲಾದರೂ ಜೋಳ ಬೆಳೆಯುತ್ತದೆ. ರೈಲು ದಾರಿಯ ನಡುವೆ ಎರಡು ಗುಂಟೆ ಮಾರಿದರೂ ಸಾಕು, ಆ ದಾರಿ ಕಡಿದುಹೋಯಿತು. ಲಿಕ್ವಿಡೇಟರ್ ಕೆಲಸ ಹಣ ಮಾಡಿಕೊಡುವುದು. ಜಾಸ್ತಿ ಕೊಟ್ಟವರಿಗೆ ತುಂಡು ತುಂಡಾಗಿ ಮಾರುತ್ತಾರೆ. ರಾಕ್ ಐಲೆಂಡ್‌ಗೆ ಸಾಲ ಕೊಟ್ಟವರು ಗೆದ್ದರು, ನಿಜ. ಆದರೆ ಎಷ್ಟೋ ಕಡೆ ಅದರ ಹಳಿಯನ್ನೇ ಕಿತ್ತು ಹಾಕಿದರು.

ಹೊಸಪೇಟೆ–ಕೊಟ್ಟೂರು ನೋಡಿ. ಮೀಟರ್ ಗೇಜ್ ಗಾಡಿ ನಿಂತ ಮೇಲೆ ಜನ ವರ್ಷಗಟ್ಟಲೆ ಕಾದರು. ಬ್ರಾಡ್ ಗೇಜ್ ಆಗಿ, 2019ರಲ್ಲಿ ಪ್ಯಾಸೆಂಜರ್ ಮತ್ತೆ ಬಂತು. ಜಾಗ ರೈಲ್ವೆ ಕೈಯಲ್ಲಿ ಇಡಿಯಾಗಿ ಉಳಿದಿದ್ದಕ್ಕೇ ಅದು ಸಾಧ್ಯವಾಯಿತು.

ಹೊಸದಾಗಿ ಜಾಗ ಹುಡುಕುವ ಕಷ್ಟ ನಮ್ಮ ಕೊಪ್ಪಳ ಜಿಲ್ಲೆಯವರನ್ನು ಕೇಳಿ. ಗಿಣಿಗೇರಾ–ಮಹಬೂಬ್‌ನಗರ ಮಾರ್ಗ ಮಂಜೂರಾಗಿದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದಿದ್ದು 2024ರಲ್ಲಿ. ಕಾರಟಗಿ ಹತ್ತಿರ ದೊಡ್ಡಪ್ಪನ ಗದ್ದೆಯಲ್ಲಿ ಸರ್ವೆ ಕಲ್ಲು ನೆಟ್ಟಾಗ ನಾನು ಚಡ್ಡಿ ಹಾಕ್ಕೊಂಡು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಅದೇ ಬದುವಿನಿಂದ ಮೊದಲ ಗಾಡಿಗೆ ಕೈ ಬೀಸಿದವಳು ನನ್ನ ಮಗಳು.

ಇನ್ನೊಂದು ಮಾತು. ಕಂಪನಿಗಳ ರಿಜಿಸ್ಟರ್‌ನಿಂದ ಸುಮ್ನೆ ಕಂಪನಿಯ ಹೆಸರು ಹೊಡೆದುಹಾಕಿದರೆ ಕಥೆ ಮುಗಿಯುವುದಿಲ್ಲ. ಷೇರುದಾರರು, ಸಾಲ ಕೊಟ್ಟವರು 20 ವರ್ಷದವರೆಗೂ ಟ್ರಿಬ್ಯುನಲ್‌ಗೆ ಹೋಗಿ ಕಂಪನಿಯನ್ನು ಮತ್ತೆ ಎಬ್ಬಿಸಬಹುದು.

ಗೋದಾಮು, ಕ್ವಾರ್ಟರ್ಸ್ ಮಾರಲಿ, ಬೇಡ ಅನ್ನುವುದಿಲ್ಲ. ದಾರಿಯ ಜಾಗಕ್ಕೆ ಮಾತ್ರ ಮೊದಲು ಹದ್ದುಬಸ್ತು ಆಗಲಿ, ಅಂದರೆ ಅಳತೆ ಮಾಡಿ ಗಡಿ ಗುರುತಿಸಲಿ. ಅದನ್ನು ಇಡಿಯಾಗಿ ರೈಲ್ವೆಗೋ ರಾಜ್ಯಕ್ಕೋ ಬರೆದುಕೊಡುವ ತನಕ ಪಹಣಿಯಲ್ಲಿ ಆ ಹಳೇ ಕಂಪನಿಯ ಹೆಸರೇ ಇರಲಿ.